ನಾಮಪದಕ್ಕೆ ತಕ್ಕ ವಿಶೇಷಣ: ಇಂಗ್ಲಿಷ್ ಬರೆಯುವ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರಿಗೆ ವ್ಯಾಕರಣಕ್ಕಿಂತ ಜಾಸ್ತಿ ಕೈಕೊಡುವುದು ವಿಶೇಷಣ. ಕಾಲ ಸರಿ ಇರುತ್ತದೆ, ಕ್ರಿಯಾಪದ ಸರಿ ಇರುತ್ತದೆ, ಸ್ಪೆಲ್ಲಿಂಗ್ ಕೂಡ ಸರಿ. ಆದರೂ ಓದುವವರು ಎಲ್ಲೋ ಒಂದು ಕಡೆ ಎಡವುತ್ತಾರೆ. 'ಬಿಗ್ ರೇನ್', 'ಸ್ಟ್ರಾಂಗ್ ಫೀವರ್', 'ಚೀಪ್ ಸ್ಯಾಲರಿ' ಅಂದರೆ ಅರ್ಥವೇನೋ ಆಗುತ್ತದೆ. ಆದರೆ ಇಂಗ್ಲಿಷಿನಲ್ಲಿ ಜೋರು ಮಳೆ 'ಹೆವಿ', ಜಾಸ್ತಿ ಜ್ವರ 'ಹೈ', ಕಡಿಮೆ ಸಂಬಳ 'ಲೋ'. ಯಾಕೆ ಹೀಗೆ ಅಂತ ಕೇಳಿದರೆ ನಿಯಮ ಯಾವುದೂ ಇಲ್ಲ. ಆ ಭಾಷೆಯವರು ಹಾಗೆ ಹೇಳುತ್ತಾ ಬಂದಿದ್ದಾರೆ, ಅಷ್ಟೇ. ನಾವು 'ಕಡುಬಡವ' ಅನ್ನುತ್ತೇವೆ, 'ಕಡುಶ್ರೀಮಂತ' ಅನ್ನುವುದಿಲ್ಲ. ಅಲ್ಲಿ ಯಾವ ನಿಯಮ ಇದೆ?

ಪದಗಳ ಈ ಜೊತೆಗಾರಿಕೆಗೆ ಭಾಷಾಶಾಸ್ತ್ರದಲ್ಲಿ 'ಕೊಲೊಕೇಷನ್' ಅನ್ನುತ್ತಾರೆ. ಇದಕ್ಕೆ ಮಹತ್ವ ತಂದುಕೊಟ್ಟವರಲ್ಲಿ ಮುಖ್ಯರು ಜೆ.ಆರ್. ಫರ್ತ್ ಎಂಬ ಬ್ರಿಟಿಷ್ ವಿದ್ವಾಂಸರು. 1919ರಿಂದ 1928ರವರೆಗೆ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು, ಆಮೇಲೆ ಲಂಡನ್ನಿಗೆ ಮರಳಿದರು. ಒಂದು ಪದವನ್ನು ಅರಿಯಬೇಕಾದರೆ ಅದು ಯಾರ ಸಹವಾಸದಲ್ಲಿದೆ ಅಂತ ನೋಡಬೇಕು ಎಂಬ ಅವರ ಮಾತು 1957ರಲ್ಲಿ ಅಚ್ಚಾಯಿತು. ಅವರ ಶಿಷ್ಯ ಹ್ಯಾಲಿಡೇ ಕೊಟ್ಟ ಉದಾಹರಣೆ ಇನ್ನೂ ಸರಳ. ಟೀ 'ಸ್ಟ್ರಾಂಗ್' ಆಗಿರುತ್ತದೆ, 'ಪವರ್‌ಫುಲ್' ಆಗಿರುವುದಿಲ್ಲ. ಕಾರು 'ಪವರ್‌ಫುಲ್' ಆಗಿರುತ್ತದೆ, 'ಸ್ಟ್ರಾಂಗ್ ಕಾರ್' ಅಂತ ಯಾರೂ ಅನ್ನುವುದಿಲ್ಲ. ನಿಘಂಟಿನಲ್ಲಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ ಇದೆ.

ಹಾಗಾಗಿ ಹುಡುಕಾಟ ಶುರುವಾಗಬೇಕಾದ್ದು ವಿಶೇಷಣದಿಂದಲ್ಲ, ನಾಮಪದದಿಂದ. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಹಂತ 1: ನಾಮಪದ ಸರಿ ಇದೆಯಾ ನೋಡಿ

ಎಷ್ಟೋ ಸಲ ನಾಮಪದ ಸಪ್ಪೆಯಾಗಿದೆ ಅಂತ ಅದರ ಮುಂದೆ ವಿಶೇಷಣ ಹಚ್ಚುತ್ತೇವೆ. 'ವೆರಿ ಹೆವಿ ರೇನ್' ಬದಲು 'ಡೌನ್‌ಪೋರ್' ಅಂದರೆ ಸಾಕು. 'ಸ್ಮಾಲ್ ರಿವರ್' ಬದಲು 'ಸ್ಟ್ರೀಮ್'. 'ಲೌಡ್ ಕ್ರೈ' ಬದಲು 'ಸ್ಕ್ರೀಮ್'. ಮೊದಲು ನಾಮಪದವನ್ನು ಬದಲಾಯಿಸಿ ನೋಡಿ. ಅದರಲ್ಲೇ ಕೆಲಸ ಮುಗಿದರೆ ಮುಂದಿನ ಹಂತಗಳೇ ಬೇಡ.

ಹಂತ 2: ಕನ್ನಡದ ಪದದ ಒಳಗೆ ಏನಿದೆ ಅಂತ ಬಿಡಿಸಿ

ತಪ್ಪುಗಳಲ್ಲಿ ಬಹಳಷ್ಟು ಹುಟ್ಟುವುದು ಇಲ್ಲೇ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಕನ್ನಡದ 'ಗಟ್ಟಿ' ತೆಗೆದುಕೊಳ್ಳಿ. ಗಟ್ಟಿ ಮೊಸರು 'ಥಿಕ್ ಕರ್ಡ್'. ಗಟ್ಟಿ ಕಾಫಿ 'ಸ್ಟ್ರಾಂಗ್ ಕಾಫಿ'. ಗಟ್ಟಿ ದನಿ 'ಲೌಡ್ ವಾಯ್ಸ್'. ಗಟ್ಟಿ ಚಿನ್ನದ ಬಳೆಗೆ 'ಸಾಲಿಡ್ ಗೋಲ್ಡ್'. ಗಟ್ಟಿ ನೆಲ 'ಹಾರ್ಡ್ ಗ್ರೌಂಡ್'. ಗಟ್ಟಿ ನಿರ್ಧಾರ 'ಫರ್ಮ್ ಡಿಸಿಷನ್'. ಬೇಯದೆ ಗಟ್ಟಿಯಾಗಿ ಉಳಿದ ಮಾಂಸ 'ಟಫ್ ಮೀಟ್'. ನಮ್ಮ ಒಂದೇ ಪದ ಏಳು ಕಡೆ ದುಡಿಯುತ್ತಿದೆ. ಇಂಗ್ಲಿಷಿನಲ್ಲಿ ಏಳು ಕಡೆಗೂ ಬೇರೆ ಬೇರೆ ಪದ. 'ಥಿಕ್ ಕಾಫಿ' ಅಂತ ಬರೆದರೆ ಕಾಫಿ ಅಂಬಲಿಯ ಹಾಗೆ ಮಂದವಾಗಿದೆ ಅಂತ ಓದುಗರು ತಿಳಿಯುತ್ತಾರೆ. ನೀವು ಹೇಳಹೊರಟಿದ್ದು ಡಿಕಾಕ್ಷನ್ ಜಾಸ್ತಿ ಅಂತ.

'ಹಸಿ' ಇನ್ನೂ ಸೊಗಸಾದ ಪದ. ಹಸಿ ತರಕಾರಿ ಬೇಯಿಸದ್ದು ಅಂತಾದರೆ 'ರಾ'. ಹಸಿ ಮೆಣಸಿನಕಾಯಿ 'ಗ್ರೀನ್ ಚಿಲ್ಲಿ'. ಹಸಿ ಶುಂಠಿ 'ಫ್ರೆಶ್ ಜಿಂಜರ್'. ಮಳೆಗಾಲದ ಹಸಿ ಗೋಡೆ 'ಡ್ಯಾಂಪ್ ವಾಲ್'. ಹಸಿ ಸೌದೆಗೆ ಮತ್ತೆ 'ಗ್ರೀನ್', ಆದರೆ ಈ ಸಲ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ, ಒಣಗಿಲ್ಲ ಅಂತ ಅರ್ಥ. ಹಸಿ ಸುಳ್ಳು 'ಬ್ಲೇಟಂಟ್ ಲೈ'. ಇದನ್ನೆಲ್ಲ ಒಂದು 'ರಾ'ದಲ್ಲಿ ಮುಗಿಸಲು ಹೋದರೆ 'ರಾ ಲೈ', 'ರಾ ವಾಲ್' ಆಗುತ್ತದೆ.

ಹಾಗಾದರೆ ಬಿಡಿಸುವುದು ಹೇಗೆ? ನನಗೆ ತುಂಬ ಉಪಯೋಗಕ್ಕೆ ಬಂದಿರುವ ಉಪಾಯ ಒಂದಿದೆ. ಆ ನಾಮಪದದ ಜೊತೆಗೇ ಇಟ್ಟು, ವಿರುದ್ಧ ಪದ ಏನು ಅಂತ ಕನ್ನಡದಲ್ಲೇ ಕೇಳಿಕೊಳ್ಳಿ. ಗಟ್ಟಿ ಮೊಸರಿಗೆ ವಿರುದ್ಧ ನೀರು ಮೊಸರು. ಗಟ್ಟಿ ದನಿಗೆ ವಿರುದ್ಧ ಮೆಲುದನಿ. ಗಟ್ಟಿ ನೆಲಕ್ಕೆ ವಿರುದ್ಧ ಮೆತ್ತನೆ ನೆಲ. ವಿರುದ್ಧ ಪದ ಬದಲಾದ ಕಡೆಯೆಲ್ಲ ಒಳಗಿನ ಅರ್ಥ ಬೇರೆ ಅಂತ ತಿಳಿಯಿರಿ.

'ಹಳೆ'ಯ ಮೇಲೂ ಇದನ್ನು ಮಾಡಿ ನೋಡಿ. ಹಳೆ ಸ್ನೇಹಿತನಿಗೆ ವಿರುದ್ಧ ಹೊಸ ಸ್ನೇಹಿತ, ಹಾಗಾಗಿ 'ಓಲ್ಡ್ ಫ್ರೆಂಡ್' ಸರಿ. ಆದರೆ 'ನಮ್ಮ ಹಳೆ ಮ್ಯಾನೇಜರ್' ಅನ್ನುವಾಗ ವಿರುದ್ಧ 'ಈಗಿನ ಮ್ಯಾನೇಜರ್'. ಆಗ 'ಫಾರ್ಮರ್ ಮ್ಯಾನೇಜರ್' ಬೇಕು. 'ಓಲ್ಡ್ ಮ್ಯಾನೇಜರ್' ಅಂದರೆ ಅವರಿಗೆ ವಯಸ್ಸಾಗಿದೆ ಅಂತಲೂ ಓದಿಕೊಳ್ಳಬಹುದು. ಹಳೆ ಬ್ರೆಡ್ಡಿಗೆ ವಿರುದ್ಧ ಈಗಷ್ಟೇ ಮಾಡಿದ್ದು, ಅದು 'ಸ್ಟೇಲ್'. ಹಳೆ ಕಾರು ಮಾರಾಟಕ್ಕಿದ್ದರೆ 'ಯೂಸ್ಡ್' ಅಥವಾ 'ಸೆಕೆಂಡ್-ಹ್ಯಾಂಡ್'.

ಹಂತ 3: ಜೊತೆಗಾರರನ್ನು ಹುಡುಕಿ

ಅರ್ಥ ಗೊತ್ತಾಯಿತು. ಈಗ ಆ ನಾಮಪದದ ಜೊತೆ ಇಂಗ್ಲಿಷಿನವರು ನಿಜವಾಗಿ ಯಾವ ಪದ ಬಳಸುತ್ತಾರೆ ಅಂತ ನೋಡಬೇಕು. ಇಲ್ಲಿ ಸಮಾನಾರ್ಥಕ ಪದಗಳ ಕೋಶ, ಅಂದರೆ ಥೆಸಾರಸ್, ಮೊದಲು ತೆರೆಯಬೇಡಿ. ಅದು ಅರ್ಥ ಹತ್ತಿರವಿರುವ ಪದಗಳನ್ನು ಸಾಲಾಗಿ ಕೊಡುತ್ತದೆ, ಯಾವುದು ಯಾರ ಜೊತೆ ಹೋಗುತ್ತದೆ ಅಂತ ಹೇಳುವುದಿಲ್ಲ. 'ಹೆವಿ'ಗೆ ಅಲ್ಲಿ 'ವೇಟಿ' ಸಿಗಬಹುದು. 'ವೇಟಿ ರೇನ್' ಅಂತ ಬರೆದರೆ ಕೆಟ್ಟ ಹಾಗೇ.

ಇದಕ್ಕೆ ಬೇಕಾದ್ದು ಕೊಲೊಕೇಷನ್ ನಿಘಂಟು. ಆಕ್ಸ್‌ಫರ್ಡಿನವರು 2002ರಲ್ಲಿ ಕಲಿಯುವವರಿಗಾಗಿಯೇ ಒಂದನ್ನು ತಂದರು, 2009ರಲ್ಲಿ ಎರಡನೆಯ ಆವೃತ್ತಿ ಬಂತು. ಅದನ್ನು ಬಳಸುವಾಗ ನಾಮಪದವನ್ನು ತೆರೆಯಿರಿ, ವಿಶೇಷಣವನ್ನಲ್ಲ. 'ರೇನ್' ತೆರೆದರೆ ಅದರ ಜೊತೆ ಬರುವ ವಿಶೇಷಣಗಳ ಪಟ್ಟಿ ಮೊದಲಲ್ಲೇ ಇರುತ್ತದೆ. ಅರ್ಥ ಹತ್ತಿರವಿರುವ ಪದಗಳನ್ನು ಒಂದೊಂದು ಗುಂಪಾಗಿ ಇಟ್ಟಿರುತ್ತಾರೆ. ನಿಮ್ಮ ಅರ್ಥ ಯಾವ ಗುಂಪಿನಲ್ಲಿದೆ ಅಂತ ನೋಡಿದರೆ ಆಯಿತು.

ಪುಸ್ತಕ ಇಲ್ಲದಿದ್ದರೆ ಗೂಗಲ್‌ನ ಎನ್‌ಗ್ರಾಮ್ ವ್ಯೂವರ್ ಬಳಸಿ. ಅಚ್ಚಾದ ಪುಸ್ತಕಗಳಲ್ಲಿ ಒಂದು ಪದ ಯಾವ ಕಾಲದಲ್ಲಿ ಎಷ್ಟು ಬಂದಿದೆ ಅಂತ ಗೆರೆ ಎಳೆದು ತೋರಿಸುವ ವೆಬ್ ಪುಟ ಅದು. 2010ರಿಂದ ಇದೆ, ದುಡ್ಡು ಕೊಡಬೇಕಿಲ್ಲ. ಹುಡುಕುವ ಜಾಗದಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕಿ, ಸ್ಪೇಸ್ ಬಿಟ್ಟು, ನಾಮಪದ ಟೈಪ್ ಮಾಡಿ. ಪುಸ್ತಕಗಳಲ್ಲಿ ಆ ಪದಕ್ಕಿಂತ ಮೊದಲು ಅತಿ ಹೆಚ್ಚು ಬಂದಿರುವ 10 ಪದಗಳನ್ನು ಅದು ತೋರಿಸುತ್ತದೆ. ಸುಮ್ನೆ ಹಾಗೇ ಹುಡುಕಿದರೆ 'ದ', 'ಆಫ್' ಥರದ ಪದಗಳೇ ತುಂಬಿಕೊಳ್ಳುತ್ತವೆ. ಅದಕ್ಕೆ ನಕ್ಷತ್ರಕ್ಕೆ ಒತ್ತಿಕೊಂಡೇ ಒಂದು ಅಂಡರ್‌ಸ್ಕೋರ್, ಆಮೇಲೆ ದೊಡ್ಡಕ್ಷರದಲ್ಲಿ ಎ, ಡಿ, ಜೆ ಸೇರಿಸಿ. ಆಗ ಬರೀ ವಿಶೇಷಣಗಳು ಬರುತ್ತವೆ. ಎರಡು ಪದಗಳ ನಡುವೆ ಅನುಮಾನ ಇದ್ದರೆ ಎರಡು ಜೋಡಿಯನ್ನೂ ಕಾಮಾ ಹಾಕಿ ಹುಡುಕಿ, ಗೆರೆಗಳನ್ನು ಹೋಲಿಸಿ.

ಸಾಮಾನ್ಯ ಗೂಗಲ್ ಹುಡುಕಾಟವನ್ನು ಮಾತ್ರ ಪೂರ್ತಿ ನಂಬಬೇಡಿ. ನಮ್ಮ ಹಾಗೇ ತಪ್ಪಾಗಿ ಬರೆದವರ ಪುಟಗಳೂ ಅಲ್ಲಿ ರಾಶಿ ಬಿದ್ದಿರುತ್ತವೆ.

ಹಂತ 4: ಸಿಕ್ಕ ಪಟ್ಟಿಯಲ್ಲಿ ನಿಮ್ಮದನ್ನು ಆರಿಸಿ

ಜೋಡಿ ಸರಿ ಇದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮಳೆಗೇ ಎಷ್ಟು ಪದಗಳಿವೆ ನೋಡಿ. 'ಲೈಟ್ ರೇನ್' ಅಂದರೆ ಹಗುರ ಮಳೆ. 'ಸ್ಟೆಡಿ ರೇನ್' ಅಂದರೆ ಏರಿಳಿತ ಇಲ್ಲದೆ ಒಂದೇ ಸಮ ಸುರಿಯುವುದು. 'ಟೊರೆನ್ಶಿಯಲ್' ಅಂದರೆ ಆಕಾಶವೇ ಹರಿದುಬಿದ್ದ ಹಾಗೆ. 'ಡ್ರೈವಿಂಗ್ ರೇನ್' ಅಂದರೆ ಗಾಳಿಗೆ ಅಡ್ಡಡ್ಡ ಬಂದು ಮುಖಕ್ಕೆ ರಾಚುವ ಮಳೆ. 'ಇನ್‌ಸೆಸೆಂಟ್' ಅಂದರೆ ದಿನಗಟ್ಟಲೆ ಬಿಡದೆ ಹಿಡಿದ ಮಳೆ.

ಈಗ ನೀವು ಆಗುಂಬೆಯ ಆಷಾಢದ ಬಗ್ಗೆ ಬರೆಯುತ್ತಿದ್ದೀರಿ ಅಂದುಕೊಳ್ಳಿ. 'ಹೆವಿ' ತಪ್ಪಲ್ಲ. ಆದರೆ ಅಲ್ಲಿಯ ಮಳೆಯ ಗುಣ ಬರೀ ಜೋರಿನಲ್ಲಿಲ್ಲ, ಬಿಡದೆ ಹಿಡಿಯುವುದರಲ್ಲಿದೆ. ಬಟ್ಟೆ ಒಣಗದೆ ಒಲೆಯ ಮೇಲೆ ಹರವುವುದನ್ನು ಹೇಳಬೇಕಿದ್ದರೆ 'ಇನ್‌ಸೆಸೆಂಟ್' ಹತ್ತಿರದ ಪದ. ಅದೇ ಬೆಂಗಳೂರಿನಲ್ಲಿ ಏಪ್ರಿಲ್ ಸಂಜೆ ಒಂದು ಗಂಟೆ ಹೊಡೆದು ಅಂಡರ್‌ಪಾಸ್ ತುಂಬಿಸುವ ಮಳೆಗೆ 'ಇನ್‌ಸೆಸೆಂಟ್' ಅಂದರೆ ಸುಳ್ಳಾಗುತ್ತದೆ. ಅದು 'ಟೊರೆನ್ಶಿಯಲ್', ಅಥವಾ 'ಎ ಸಡನ್ ಡೌನ್‌ಪೋರ್'.

ಕೆಲವು ಕಡೆ ಆಯ್ಕೆಯೇ ನಮ್ಮ ಕೈಯಲ್ಲಿರುವುದಿಲ್ಲ. ಭಾರತ ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್ ಬಿದ್ದರೆ 'ಹೆವಿ'. 115.6ರಿಂದ 204.4ರವರೆಗೆ 'ವೆರಿ ಹೆವಿ'. 204.5 ಮುಟ್ಟಿದರೆ 'ಎಕ್ಸ್‌ಟ್ರೀಮ್ಲಿ ಹೆವಿ'. ಪತ್ರಿಕೆಗೆ ಬರೆಯುವವರು ಇಲಾಖೆಯ ಮುನ್ಸೂಚನೆಯನ್ನು ಹೇಳುವಾಗ 'ವೆರಿ ಹೆವಿ'ಯನ್ನು ಚೆಂದಕ್ಕೆ ಅಂತ 'ಟೊರೆನ್ಶಿಯಲ್' ಮಾಡಿದರೆ ಮಾಹಿತಿಯೇ ಕೆಡುತ್ತದೆ. ಕಾನೂನು, ವೈದ್ಯಕೀಯ, ಎಂಜಿನಿಯರಿಂಗ್ ಬರಹಗಳಲ್ಲೂ ಹೀಗೇ. 'ಅಕ್ಯೂಟ್ ಪೇನ್' ಮತ್ತು 'ಕ್ರಾನಿಕ್ ಪೇನ್' ನೋವಿನ ಜೋರನ್ನು ಹೇಳುವ ಪದಗಳಲ್ಲ. ಮೊದಲನೆಯದು ಹಠಾತ್ತಾಗಿ ಬಂದದ್ದು, ಎರಡನೆಯದು ತಿಂಗಳುಗಟ್ಟಲೆ ಉಳಿದದ್ದು.

ಕೆಲಸಕ್ಕೆ ಅರ್ಜಿ ಬರೆಯುವವರು 'ನಾಲೆಡ್ಜ್' ಪದವನ್ನು ಇದೇ ರೀತಿ ತೂಗಿ ನೋಡಬೇಕು. 'ಗುಡ್ ನಾಲೆಡ್ಜ್' ಅಂದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಮೊದಲ ಪಾಠ ಗೊತ್ತಿದ್ದರೆ 'ಬೇಸಿಕ್'. ಕೆಲಸ ನಡೆಸುವಷ್ಟು ಬಂದರೆ 'ವರ್ಕಿಂಗ್ ನಾಲೆಡ್ಜ್'. ಬುಡದಿಂದ ಬಲ್ಲವರಾದರೆ 'ಥರೋ'. ಸ್ವತಃ ಕಂಡು ಮಾಡಿದ್ದಾದರೆ 'ಫಸ್ಟ್-ಹ್ಯಾಂಡ್'. ಇಷ್ಟು ಪ್ರಾಮಾಣಿಕವಾಗಿ ಆರಿಸಿದ ಪದ 'ಡೈನಮಿಕ್', 'ಡೆಡಿಕೇಟೆಡ್' ಅನ್ನುವ ಹತ್ತು ಪದಗಳಿಗಿಂತ ಮೇಲು.

ಹಂತ 5: ಪದದ ಭಾವ ನೋಡಿ, ಓದುವವರು ಎಲ್ಲಿಯವರು ಅಂತಲೂ ನೋಡಿ

'ಸ್ಲಿಮ್' ಮೆಚ್ಚುಗೆ, 'ಸ್ಕಿನ್ನಿ' ಹೆಚ್ಚಾಗಿ ಚುಚ್ಚು. ನಡುವೆ 'ಥಿನ್'. 'ಫೇಮಸ್' ಒಳ್ಳೆಯದಕ್ಕೆ, 'ನಟೋರಿಯಸ್' ಕೆಟ್ಟದ್ದಕ್ಕೆ. 'ಚೈಲ್ಡ್‌ಲೈಕ್' ಅಂದರೆ ಮಗುವಿನಂಥ ಮುಗ್ಧತೆ, 'ಚೈಲ್ಡಿಶ್' ಅಂದರೆ ಹುಡುಗಾಟಿಕೆ. ಒಂದು ಪ್ರಾಡಕ್ಟಿನ ಬಗ್ಗೆ 'ಚೀಪ್' ಅಂತ ಬರೆದರೆ ಬೆಲೆ ಕಡಿಮೆ ಅನ್ನುವುದರ ಜೊತೆ ಗುಣಮಟ್ಟವೂ ಕಡಿಮೆ ಅನ್ನುವ ವಾಸನೆ ಬರುತ್ತದೆ. 'ಇನ್‌ಎಕ್ಸ್‌ಪೆನ್ಸಿವ್' ಅಥವಾ 'ಅಫೋರ್ಡಬಲ್' ಅಂದರೆ ಆ ತೊಂದರೆ ಇಲ್ಲ.

ಇದರಲ್ಲಿ ನಮ್ಮವರು ಅತಿ ಎಚ್ಚರದಿಂದ ಇರಬೇಕಾದ ಪದ 'ಹೋಮ್ಲಿ'. ನಮ್ಮ ಮದುವೆ ಜಾಹೀರಾತುಗಳಲ್ಲಿ 'ಹೋಮ್ಲಿ ಗರ್ಲ್' ಅಂದರೆ ಮನೆಗೆ ಹೊಂದಿಕೊಳ್ಳುವ ಹುಡುಗಿ. ಬ್ರಿಟನ್ನಿನಲ್ಲಿ ಈ ಪದ ಹೆಚ್ಚಾಗಿ ಜಾಗಕ್ಕೆ ಸೇರುತ್ತದೆ, ಬೆಚ್ಚಗೆ ಮನೆಯಂತಿದೆ ಅಂತ. ಅಮೆರಿಕದಲ್ಲಿ ಒಬ್ಬರನ್ನು 'ಹೋಮ್ಲಿ' ಅಂದರೆ ನೋಡಲು ಚೆನ್ನಾಗಿಲ್ಲ ಅಂತ ಅರ್ಥ. ಅಲ್ಲಿ ನೆಲೆಸಿದ ನೆಂಟರಿಗೆ ಹುಡುಗಿಯ ಪರಿಚಯ ಬರೆದು ಕಳಿಸುವಾಗ ಇದು ನೆನಪಿರಲಿ. ಅಲ್ಲಿಯೇ ಹುಟ್ಟಿ ಬೆಳೆದ ಮಕ್ಕಳು ಅದನ್ನು ಓದಿ ಗಾಬರಿಯಾಗುತ್ತಾರೆ. 'ಹೋಮ್ಲಿ ಫುಡ್' ಬದಲಿಗೂ 'ಹೋಮ್-ಕುಕ್ಡ್ ಫುಡ್' ಒಳ್ಳೆಯದು.

ಭಾರತದ ಇಂಗ್ಲಿಷನ್ನು ಕೀಳು ಅಂತ ನಾನು ಹೇಳುತ್ತಿಲ್ಲ. ನಮ್ಮ ನಡುವೆ ಓದುವ ಬರಹದಲ್ಲಿ ನಮ್ಮ ಬಳಕೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಓದುವವರು ಹೊರಗಿನವರಾದಾಗ ಅವರಿಗೆ ಯಾವ ಅರ್ಥ ತಲುಪುತ್ತದೆ ಅಂತ ಯೋಚಿಸಬೇಕು, ಅಷ್ಟೇ.

ಹಂತ 6: ಒಂದೇ ಬೇರಿನ ಅವಳಿಗಳನ್ನು ಬೇರೆ ಮಾಡಿ

'ಹಿಸ್ಟಾರಿಕ್' ಅಂದರೆ ಇತಿಹಾಸದಲ್ಲಿ ಉಳಿಯುವಂಥದ್ದು. 'ಹಿಸ್ಟಾರಿಕಲ್' ಅಂದರೆ ಇತಿಹಾಸಕ್ಕೆ ಸಂಬಂಧಪಟ್ಟದ್ದು. ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದ 1973ರ ನವೆಂಬರ್ 1 'ಹಿಸ್ಟಾರಿಕ್ ಡೇ'. ಆ ಕಾಲದ ಬಗ್ಗೆ ಬರೆದ ಕಾದಂಬರಿ 'ಹಿಸ್ಟಾರಿಕಲ್ ನಾವೆಲ್'. 'ಎಕನಾಮಿಕ್ ಪಾಲಿಸಿ' ಆರ್ಥಿಕ ನೀತಿ, 'ಎಕನಾಮಿಕಲ್ ಸ್ಕೂಟರ್' ಕಡಿಮೆ ಪೆಟ್ರೋಲ್ ಕುಡಿಯುವ ಸ್ಕೂಟರ್. 'ಸೆನ್ಸಿಬಲ್' ವಿವೇಕಿ, 'ಸೆನ್ಸಿಟಿವ್' ಸೂಕ್ಷ್ಮ ಮನಸ್ಸಿನವರು.

'ಬೋರಿಂಗ್' ಮತ್ತು 'ಬೋರ್ಡ್' ಜೋಡಿ ಎಲ್ಲರಿಗೂ ಗೊತ್ತು. ಆದರೂ ಅವಸರದಲ್ಲಿ ತಪ್ಪುತ್ತದೆ. ಬೇಸರ ತರಿಸುವ ಭಾಷಣಕ್ಕೆ 'ಇಂಗ್', ಬೇಸರಗೊಂಡ ಕೇಳುಗರಿಗೆ 'ಡ್'. ಭಾವನೆ ಹುಟ್ಟಿಸುವುದು ಯಾವುದು, ಅನುಭವಿಸುವುದು ಯಾರು ಅಂತ ಕೇಳಿಕೊಂಡರೆ ಬಗೆಹರಿಯುತ್ತದೆ.

ಹಂತ 7: ಎಲ್ಲಿ ಇಡಬೇಕು ಅಂತ ನೋಡಿ

ನಮ್ಮ ಕಚೇರಿ ಪತ್ರಗಳಲ್ಲಿ 'ಸಂಬಂಧಪಟ್ಟ ಅಧಿಕಾರಿ' ಅನ್ನುವುದು 'ದ ಕನ್ಸರ್ನ್ಡ್ ಆಫೀಸರ್' ಆಗಿದೆ. ಇಂಗ್ಲಿಷಿನಲ್ಲಿ ಈ ಪದ ನಾಮಪದಕ್ಕಿಂತ ಮೊದಲು ಬಂದರೆ ಚಿಂತೆಯಲ್ಲಿರುವ ಅಧಿಕಾರಿ ಅನ್ನುವ ಅರ್ಥವೇ ಹೆಚ್ಚು. ಸಂಬಂಧಪಟ್ಟ ಅನ್ನಲು ನಾಮಪದದ ನಂತರ ಇಡಬೇಕು, 'ದ ಆಫೀಸರ್ ಕನ್ಸರ್ನ್ಡ್' ಅಂತ. 'ದ ರೆಸ್ಪಾನ್ಸಿಬಲ್ ಆಫೀಸರ್' ಜವಾಬ್ದಾರಿಯುತ ವ್ಯಕ್ತಿ ಅನ್ನಿಸಬಹುದು, 'ದ ಆಫೀಸರ್ ರೆಸ್ಪಾನ್ಸಿಬಲ್' ಆ ಕೆಲಸಕ್ಕೆ ಹೊಣೆಯಾದವರು. ದೂರು ಬರೆಯುವಾಗ ಈ ವ್ಯತ್ಯಾಸ ಸಣ್ಣದಲ್ಲ.

'ಅಸ್ಲೀಪ್', 'ಅಫ್ರೇಡ್', 'ಅಲೈವ್', 'ಅವೇಕ್' ಥರದವು ನಾಮಪದಕ್ಕಿಂತ ಮೊದಲು ನಿಲ್ಲುವುದೇ ಇಲ್ಲ. 'ದ ಚೈಲ್ಡ್ ಈಸ್ ಅಸ್ಲೀಪ್' ಸರಿ. 'ಆನ್ ಅಸ್ಲೀಪ್ ಚೈಲ್ಡ್' ಅಲ್ಲ, 'ಎ ಸ್ಲೀಪಿಂಗ್ ಚೈಲ್ಡ್'.

ಹಂತ 8: 'ವೆರಿ'ಯನ್ನು ಪ್ರಶ್ನಿಸಿ

'ಹ್ಯೂಜ್' ಅಂದರೇನೇ ತುಂಬ ದೊಡ್ಡದು. ಅದಕ್ಕೆ 'ವೆರಿ' ಬೇಡ. ಒತ್ತು ಬೇಕೇ ಬೇಕು ಅಂದರೆ 'ಅಬ್ಸಲ್ಯೂಟ್ಲಿ ಹ್ಯೂಜ್'. 'ಎಕ್ಸಲೆಂಟ್', 'ಫ್ರೀಜಿಂಗ್', 'ಪರ್ಫೆಕ್ಟ್'ಗಳಿಗೂ ಇದೇ ಮಾತು. ಕನ್ನಡದಲ್ಲಿ ನಾವು ಒತ್ತು ಕೊಡಲು ಪದವನ್ನೇ ಎರಡು ಸಲ ಹೇಳುತ್ತೇವೆ, 'ದೊಡ್ಡ ದೊಡ್ಡ ಮನೆಗಳು', 'ಸಣ್ಣ ಸಣ್ಣ ವಿಷಯ'. ಎಷ್ಟು ಸಹಜ ಅಲ್ವಾ? ಇಂಗ್ಲಿಷಿಗೆ ಅದನ್ನು 'ಸ್ಮಾಲ್ ಸ್ಮಾಲ್ ಥಿಂಗ್ಸ್' ಅಂತ ಒಯ್ದರೆ ನಡೆಯುವುದಿಲ್ಲ. 'ಲಿಟಲ್ ಥಿಂಗ್ಸ್' ಸಾಕು.

ಹಂತ 9: ಒಂದಕ್ಕಿಂತ ಹೆಚ್ಚಿದ್ದರೆ ಸಾಲು ಸರಿ ಮಾಡಿ

ಇಂಗ್ಲಿಷಿನಲ್ಲಿ ವಿಶೇಷಣಗಳ ಸಾಲಿಗೆ ಒಂದು ಕ್ರಮ ಇದೆ. ಮೊದಲು ಅಭಿಪ್ರಾಯ, ಆಮೇಲೆ ಗಾತ್ರ, ವಯಸ್ಸು, ಆಕಾರ, ಬಣ್ಣ, ಊರು, ಯಾವುದರಿಂದ ಮಾಡಿದ್ದು, ಯಾವುದಕ್ಕೆ ಅಂತ. ಚನ್ನಪಟ್ಟಣದ ಗೊಂಬೆಯೊಂದನ್ನು ಹೇಳಬೇಕಾದರೆ 'ಎ ಲವ್ಲಿ ಸ್ಮಾಲ್ ರೌಂಡ್ ಯೆಲ್ಲೋ ವುಡನ್ ಟಾಯ್'. 'ವುಡನ್ ಯೆಲ್ಲೋ ಸ್ಮಾಲ್ ಟಾಯ್' ಅಂದರೆ ಕಿವಿಗೆ ಚುಚ್ಚುತ್ತದೆ. ಕನ್ನಡದಲ್ಲಿ 'ಹಳದಿ ಬಣ್ಣದ ಪುಟ್ಟ ಮರದ ಗೊಂಬೆ' ಅಂದರೂ ಸರಿ, 'ಪುಟ್ಟ ಹಳದಿ ಮರದ ಗೊಂಬೆ' ಅಂದರೂ ಸರಿ, ಹಾಗಾಗಿ ಈ ಬಿಗಿ ನಮಗೆ ಹೊಸದು. ಕ್ರಮ ಬಾಯಿಪಾಠ ಮಾಡುವುದಕ್ಕಿಂತ ಒಂದು ನಾಮಪದಕ್ಕೆ ಎರಡಕ್ಕಿಂತ ಜಾಸ್ತಿ ಹೇರದಿರುವುದು ಒಳ್ಳೆಯ ಅಭ್ಯಾಸ. ಮೇಲಿನ ಐದು ಪದಗಳ ಸಾಲನ್ನು ಉದಾಹರಣೆಗೆ ಕೊಟ್ಟೆ, ಹಾಗೆ ಬರೆಯಿರಿ ಅಂತಲ್ಲ.

ಹಂತ 10: ತೆಗೆದು ನೋಡಿ

ಬರೆದಾದ ಮೇಲೆ ಪ್ರತಿ ವಿಶೇಷಣವನ್ನೂ ಕೈಯಿಂದ ಮುಚ್ಚಿ ಓದಿ. ಅರ್ಥದಲ್ಲಿ ಏನೂ ಕಮ್ಮಿಯಾಗದಿದ್ದರೆ ಅಳಿಸಿ. 'ಫ್ರೀ ಗಿಫ್ಟ್' ಯಾಕೆ, ಗಿಫ್ಟ್ ಅಂದರೇ ಪುಕ್ಕಟೆ. 'ಪಾಸ್ಟ್ ಹಿಸ್ಟರಿ', 'ನ್ಯೂ ಇನ್ನೊವೇಷನ್', 'ಬೇಸಿಕ್ ಫಂಡಮೆಂಟಲ್ಸ್' ಇವೂ ಹಾಗೇ.

ಒಂದು ವಾಕ್ಯವನ್ನು ಕೂತು ತಿದ್ದೋಣ

ಮಲೆನಾಡಿನ ಒಂದು ಮನೆಯನ್ನು ಪ್ರವಾಸಿಗರಿಗೆ ಪರಿಚಯಿಸುವ ಬರಹ ಅಂದುಕೊಳ್ಳಿ. ಮೊದಲ ಕರಡು ಹೀಗಿದೆ: 'ಇಟ್ ಈಸ್ ಎ ವೆರಿ ನೈಸ್ ಓಲ್ಡ್ ಹೌಸ್ ವಿತ್ ಬಿಗ್ ಪಿಲ್ಲರ್ಸ್ ಅಂಡ್ ಎ ಗುಡ್ ಗಾರ್ಡನ್.'

'ನೈಸ್' ಮುಚ್ಚಿ ಓದಿದರೆ ಏನೂ ಕಳೆಯಲಿಲ್ಲ, ಹೋಗಲಿ. 'ಓಲ್ಡ್' ಎಷ್ಟು ಹಳೆಯದು? ಮನೆಯವರಿಗೆ ವರ್ಷ ಗೊತ್ತಿದ್ದರೆ 'ಹಂಡ್ರೆಡ್-ಇಯರ್-ಓಲ್ಡ್' ಅಂತ ಹೇಳಬಹುದು. ನಡುವೆ ಹೈಫನ್ ಬೇಕು, 'ಇಯರ್' ಏಕವಚನದಲ್ಲೇ ಇರಬೇಕು. ಇದನ್ನು 'ಇಯರ್ಸ್' ಮಾಡುವವರು ಬಹಳ. ಕಂಬಗಳಿಗೆ 'ಬಿಗ್' ಅಂದಾಗ ಉದ್ದವೋ ದಪ್ಪವೋ ತಿಳಿಯಲಿಲ್ಲ. ಕನ್ನಡದಲ್ಲಿ ಕೇಳಿಕೊಂಡೆವು: 'ದೊಡ್ಡ ಕಂಬ'ಕ್ಕೆ ಇಲ್ಲಿ ವಿರುದ್ಧ ಏನು? ಸಣಕಲು ಕಂಬ. ಹಾಗಾದರೆ ದಪ್ಪ, 'ಥಿಕ್'. ಯಾವ ಮರ? ಹಲಸು. 'ಥಿಕ್ ಜಾಕ್‌ವುಡ್ ಪಿಲ್ಲರ್ಸ್' ಅಂದ ಕೂಡಲೇ ಕಂಬ ಕಣ್ಣಿಗೆ ಕಾಣುತ್ತದೆ.

ಉಳಿದದ್ದು 'ಗುಡ್ ಗಾರ್ಡನ್'. ನೆರಳಿದ್ದರೆ 'ಶೇಡಿ', ಚೊಕ್ಕಟವಾಗಿ ನೋಡಿಕೊಂಡಿದ್ದರೆ 'ವೆಲ್-ಕೆಪ್ಟ್', ಗಿಡಗಳು ಮನಸ್ಸಿಗೆ ಬಂದ ಹಾಗೆ ಬೆಳೆದಿದ್ದರೆ 'ಓವರ್‌ಗ್ರೋನ್'. ಮೂರೂ 'ಗಾರ್ಡನ್' ಜೊತೆ ಚೆನ್ನಾಗಿ ಹೋಗುವ ಪದಗಳೇ. ನಿಘಂಟು ಇಲ್ಲಿಗೆ ನಿಲ್ಲುತ್ತದೆ. ಯಾವುದು ಸರಿ ಅಂತ ತಿಳಿಯಲು ಹಿತ್ತಿಲಿಗೆ ಹೋಗಿ ನೋಡಬೇಕು. ಹೋದರೆ ಅಲ್ಲಿರುವುದು ಅಡಿಕೆ ಮರ, ಮೈತುಂಬ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಏಲಕ್ಕಿ. ಅದು 'ಗಾರ್ಡನ್' ಅಲ್ಲವೇ ಅಲ್ಲ. ಮೊದಲ ಹಂತಕ್ಕೆ ಮರಳಿ ನಾಮಪದವನ್ನೇ ಬದಲಾಯಿಸಬೇಕು. ವಾಕ್ಯ ಈಗ ಹೀಗೆ: 'ಇಟ್ ಈಸ್ ಎ ಹಂಡ್ರೆಡ್-ಇಯರ್-ಓಲ್ಡ್ ಹೌಸ್ ವಿತ್ ಥಿಕ್ ಜಾಕ್‌ವುಡ್ ಪಿಲ್ಲರ್ಸ್ ಅಂಡ್ ಎ ಶೇಡಿ ಅರಿಕಾ ಪ್ಲಾಂಟೇಷನ್ ಬಿಹೈಂಡ್ ಇಟ್.'